ನೂರರ ಆಚೆ ಅಕ್ಕ

ಜನವರಿ ೯, ಗುರುವಾರ

ಈ ಡೈರಿ ಪುಕ್ಕಟೆ ಬಂದದ್ದು. ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಮಾರುವ ಕಂಪನಿಯವರು ಹೊಸ ವರ್ಷಕ್ಕೆ ನಮ್ಮ ಹಲ್ಲುಸೆಟ್ಟಿನ ಲ್ಯಾಬಿಗೆ ಕೊಟ್ಟರು. ರಟ್ಟಿನ ಮೇಲೆ ಮೂವತ್ತೆರಡು ಹಲ್ಲು ಕಿರಿದ ಬಾಯಿಯ ಚಿತ್ರವಿದೆ. ನೋಡಿದರೆ ಬರೆಯುವ ಆಸೆಯೇ ಹೋಗುತ್ತದೆ. ಆದರೂ ಬರೆಯುತ್ತಿದ್ದೇನೆ, ಹೇಳಿಕೊಳ್ಳಲು ಬೇರೆ ಗತಿಯಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿದ್ದುದನ್ನೆಲ್ಲ ದಿನವೂ ಫೋನಿನಲ್ಲಿ ಅಕ್ಕನ ಮುಂದೆ ಸುರಿಯುತ್ತಿದ್ದೆ. ಈಗ ಅಕ್ಕ ತಿರುಗಿ ಬೈಯುವಂತಿಲ್ಲ. ಬೈಯದವರ ಮುಂದೆ ಸುರಿದುಕೊಂಡು ಏನು ಸುಖ?

ಅವಳ ಕುತ್ತಿಗೆಯ ಗಂಟನ್ನು ತೆಗೆದರು. ಕೆಟ್ಟ ಗಂಟಲ್ಲ ಎಂದು ವರದಿ ಬಂತು, ಆ ಮಟ್ಟಿಗೆ ಬದುಕಿಕೊಂಡೆವು. ಆದರೆ ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತಂತೆ, ಬಿಡಿಸುವಾಗ ನರ ನೊಂದಿದೆ. ಗಂಟಲೊಳಗಿನ ಎರಡು ತಂತುಗಳಲ್ಲಿ ಒಂದು ಅಲುಗುತ್ತಿಲ್ಲ. ಬಾಯಿ ತೆರೆದರೆ ಗಾಳಿ ಬರುತ್ತದೆ, ದನಿ ಬರುವುದಿಲ್ಲ. ವಾಪಸ್ಸು ಬರುತ್ತದೆಯೇ ಎಂದು ಭಾವ ಕೇಳಿದರೆ ಡಾಕ್ಟರು, "ಬರಬಹುದು, ತಿಂಗಳುಗಟ್ಟಲೆ ಹಿಡಿಯುತ್ತೆ. ಬರದೇನೂ ಇರಬಹುದು" ಎಂದರಂತೆ. ಇಂಥ ಮಾತು ಹೇಳಲು ಅಷ್ಟು ಓದಬೇಕೇ?

ಬೇರೆ ಯಾರ ದನಿ ಹೋಗಿದ್ದರೂ ಹೇಗೋ ಆಗುತ್ತಿತ್ತು. ಅಕ್ಕನ ಅನ್ನವೇ ದನಿ. ಅವಳೂರಿನ ತರಕಾರಿ ಮಂಡಿಯಲ್ಲಿ ಮರದ ಪೆಟ್ಟಿಗೆಯ ಮೇಲೆ ನಿಂತು ಹರಾಜು ಕೂಗುತ್ತಾಳೆ. ಒಂದೇ ಸೂರಿನಡಿ ನಾಲ್ಕು ರಾಶಿಗೆ ನಾಲ್ವರು ಒಟ್ಟಿಗೇ ಕೂಗುವುದರಿಂದ ಅಲ್ಲಿ ಮೈಕು ಹಿಡಿಯುವಂತಿಲ್ಲ. ಒಬ್ಬರು ಹಿಡಿದರೆ ಉಳಿದವರು ಮುಳುಗುತ್ತಾರೆ. ಗಂಟಲು ಗಟ್ಟಿ ಇದ್ದವರದೇ ಪೆಟ್ಟಿಗೆ. ಮಂಡಿಯಲ್ಲಿ ಅವಳಿಗೆ ಗಂಟೆಯಕ್ಕ ಎಂದೇ ಹೆಸರು. ಮೇ ತಿಂಗಳ ನಡುವೆ ಟೊಮೆಟೊ ಸುಗ್ಗಿ ಶುರುವಾಗುವವರೆಗೆ ಪೆಟ್ಟಿಗೆಯನ್ನು ಕಾದಿಡುತ್ತೇವೆ, ಆಮೇಲೆ ಆಗುವುದಿಲ್ಲ ಎಂದು ಮಂಡಿ ಅಧ್ಯಕ್ಷರು ಹೇಳಿ ಕಳಿಸಿದ್ದಾರೆ.

ನಾನೋ, ಹುಟ್ಟಿದಾಗಿನಿಂದ ಅವಳಿಗೆ "ಮೆಲ್ಲಗೆ ಮಾತಾಡೇ" ಎನ್ನುತ್ತಲೇ ಬಂದವಳು.

ಜನವರಿ ೨೦, ಸೋಮವಾರ

ಇವತ್ತು ಲ್ಯಾಬಿನ ಕಂಪ್ಯೂಟರಿನಿಂದ ಅಕ್ಕನಿಗೆ ವಿಡಿಯೊ ಕರೆ ಮಾಡಿದೆ. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಅಕ್ಕನ ಈಗಿನ ದನಿ ಇರುವೆ ನಡೆದಷ್ಟೂ ಕೇಳಿಸುವುದಿಲ್ಲ. ಮಧ್ಯಾಹ್ನ ಒಂದು ಗಂಟೆ ಮಾತಾಡಿಕೊಳ್ಳಿ ಎಂದು ಯಜಮಾನರು ಒಪ್ಪಿದರು. ಒಪ್ಪಿದರು ಎನ್ನುವುದಕ್ಕಿಂತ, ಇಲ್ಲವೆಂದರೆ ನನ್ನ ಮುಖ ನೋಡಬೇಕಾಗುತ್ತದಲ್ಲ ಎಂದು ಹೆದರಿದರು.

ಲ್ಯಾಬು ಎಂದರೆ ನಾವು ಮೂವರು. ಮೇಣದಲ್ಲಿ ಹಲ್ಲು ಜೋಡಿಸುವ ಮೇಣದಣ್ಣ, ಅಚ್ಚು ತೆಗೆದು ಉಜ್ಜಿ ಹೊಳಪು ಕೊಡುವ ನಾನು, ಲೆಕ್ಕ ಬರೆಯುತ್ತ ಹಳೆಯ ಹಾಡು ಕೇಳುವ ಯಜಮಾನರು. ಕಂಪ್ಯೂಟರು ಮುದಿಯಾದಾಗ ಯಜಮಾನರ ಸೊಸೆ ಅದರೊಳಗೆ ಲಿನಕ್ಸ್ ಎನ್ನುವುದನ್ನು ತುಂಬಿಸಿ ಜೀವ ಕೊಟ್ಟಳು. ಅದರಲ್ಲೇ ಹಾಡು, ಅದರಲ್ಲೇ ಡಾಕ್ಟರುಗಳ ಆರ್ಡರ್ ಬಂದಾಗ ಬಡಿಯುವ ಗಂಟೆ, ಈಗ ಅದರಲ್ಲೇ ಅಕ್ಕ.

ಅಕ್ಕ ಪರದೆಯಲ್ಲಿ ಬಂದಳು. ಕುತ್ತಿಗೆಗೆ ಪಟ್ಟಿ. ತುಟಿ ಆಡುತ್ತಿತ್ತು, ಏನೂ ಕೇಳಿಸಲಿಲ್ಲ. ಸದ್ದು ಏರಿಸಿ ಇಳಿಸುವ ಪಟ್ಟಿಯನ್ನು ನೂರಕ್ಕೆ ದೂಡಿದೆ, ಅದರ ಮೇಲೆ ಹೋಗಲಿಲ್ಲ. ಮಾತೆಲ್ಲ ನಾನೇ ಆಡಿದೆ. ಆಡುತ್ತಲೇ ಎರಡು ಕೆಳದವಡೆ ಸೆಟ್ಟು ಉಜ್ಜಿ ಮುಗಿಸಿದೆ. ಅವಳು ಏನೋ ಒಂದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು, ಕೈಯಾಡಿಸಿ ತೋರಿಸುತ್ತಿದ್ದಳು. ನೋವೇ ಎಂದು ಕೇಳಿದೆ, ತಲೆ ಅಲ್ಲಾಡಿಸಿದಳು. ಊಟವೇ ಎಂದೆ, ಹಣೆ ಚಚ್ಚಿಕೊಂಡಳು. ಆ ಸೊಸೆ ಏನೋ ಸರಿಯಾಗಿ ತುಂಬಿಸಿಲ್ಲ ಈ ಪೆಟ್ಟಿಗೆಯಲ್ಲಿ.

ಜನವರಿ ೨೨, ಬುಧವಾರ

ಆಗಬಾರದ್ದು ಆಯಿತು.

ಸೆಟ್ಟಿಂಗಿನೊಳಗೆ ಒಂದು ಗುಂಡಿಯನ್ನು ಮೇಣದಣ್ಣ ಹುಡುಕಿದ. ಅದನ್ನು ಒತ್ತಿದರೆ ಸದ್ದು ನೂರನ್ನೂ ದಾಟಿ ಹೋಗುತ್ತದೆ, ನೂರೈವತ್ತರವರೆಗೆ. ಒತ್ತಿದೆವು. ಅಕ್ಕನಿಗೆ ಕರೆ ಹೋಯಿತು. ಹಸಿ ಗೋಡೆಯ ಆಚೆ ಯಾರೋ ಉಸಿರಾಡಿದ ಹಾಗೆ ಸ್ವಲ್ಪ ಕೇಳಿಸಿತು. ನಾನು ಕಿವಿಯನ್ನು ಕಂಪ್ಯೂಟರಿಗೆ ಒತ್ತಿ ಹಿಡಿದೆ.

ಆ ಹೊತ್ತಿಗೇ ಆರ್ಡರ್ ಬಂತು. ಗಂಟೆಯೂ ನೂರೈವತ್ತರಲ್ಲೇ ಇತ್ತಲ್ಲ! ಕಿವಿಯೊಳಗೆ ಅಗ್ನಿಶಾಮಕದ ಗಾಡಿ ನುಗ್ಗಿದಂತಾಯಿತು. ಅಲ್ಲೇ ಕುರ್ಚಿಯಲ್ಲಿ ಒಬ್ಬ ನಿವೃತ್ತ ಮೇಷ್ಟರು ಹೊಸ ಹಲ್ಲುಸೆಟ್ಟನ್ನು ಮೊದಲ ಸಲ ಹಾಕಿಕೊಂಡು ಕನ್ನಡಿ ನೋಡುತ್ತಿದ್ದರು. ಬೆಚ್ಚಿ "ಹಾ" ಎಂದರು. ಮೇಲಿನ ಸೆಟ್ಟು ಹಾರಿ ಕಲಸಿಟ್ಟ ಪ್ಲಾಸ್ಟರಿನ ಬಟ್ಟಲಿಗೆ ಬಿತ್ತು. ನಾನು ತೆಗೆಯುವಷ್ಟರಲ್ಲಿ ಅದು ನಮ್ಮ ಬಟ್ಟಲಿನಲ್ಲೇ ನಗುತ್ತಾ ಗಟ್ಟಿಯಾಗಿತ್ತು.

"ಇದು ಲ್ಯಾಬೋ ಸಂತೆಯೋ?" ಎಂದರು ಯಜಮಾನರು. ಮೇಷ್ಟರೂ ಏನೋ ಅಂದರು, ಹಲ್ಲಿಲ್ಲದ್ದರಿಂದ ತಿಳಿಯಲಿಲ್ಲ. ನಾಳೆಯಿಂದ ಕರೆ ಬಂದ್.

ಜನವರಿ ೨೫, ಶನಿವಾರ

ಸೊಸೆಯೇ ಮಾವನಿಗೆ ಫೋನು ಮಾಡಿ ಬಂದ್ ತೆರೆಸಿದಳು. ಆ ಹುಡುಗಿ ಸರಿಯಾಗಿ ತುಂಬಿಸಿಲ್ಲ ಎಂದು ಮೊನ್ನೆ ಬರೆದದ್ದನ್ನು ಹೊಡೆದುಹಾಕಬೇಕು, ಆದರೆ ಶಾಯಿ ದಂಡ.

"ಆಂಟಿ, ನೀವು ಇಡೀ ಮನೆ ನೀರಿನ ವಾಲ್ವ್ ತಿರುಗಿಸಿದ್ದೀರ. ಅಡುಗೆಮನೆ ನಲ್ಲಿ ಒಂದನ್ನೇ ತಿರುಗಿಸ್ಬೇಕು" ಎಂದಳು. ಮೊದಲು ದೊಡ್ಡ ಸದ್ದನ್ನು ನೂರರ ಒಳಗೆ ತರಿಸಿದಳು. ಆಮೇಲೆ ವಾಲ್ಯೂಮ್ ಕಂಟ್ರೋಲ್ ಎಂಬ ಸಣ್ಣದೊಂದು ಪ್ರೋಗ್ರಾಂ ಹಾಕಿಸಿದಳು. ತೆರೆದರೆ ಸದ್ದು ಮಾಡುವ ಒಂದೊಂದಕ್ಕೂ ಬೇರೆ ಬೇರೆ ಪಟ್ಟಿ. ಹಾಡಿಗೆ ಒಂದು, ಗಂಟೆಗೆ ಒಂದು, ಕರೆಗೆ ಒಂದು. ಯಾವುದನ್ನು ಏರಿಸಿದರೂ ಪಕ್ಕದ್ದು ಅಲುಗುವುದಿಲ್ಲ. ಹೀಗೆ ಮನುಷ್ಯರಿಗೂ ಇದ್ದಿದ್ದರೆ ನಮ್ಮ ಮನೆಯಲ್ಲಿ ಎಷ್ಟು ಜಗಳ ತಪ್ಪುತ್ತಿತ್ತು! ಸದ್ದು ಮಾಡುತ್ತಿರುವಾಗ ಮಾತ್ರ ಪಟ್ಟಿ ಕಾಣುತ್ತದೆ, ನಿಂತರೆ ಮಾಯ. ಮುಂದಿನ ಸಲ ಬಂದಾಗ ಎಲ್ಲಿಗೆ ಬಿಟ್ಟಿದ್ದೆವೋ ಅಲ್ಲೇ ಇರುತ್ತದಂತೆ, ಅಷ್ಟು ನೆನಪು ಅದಕ್ಕೆ.

ಹಾಡನ್ನು ಮೂವತ್ತಕ್ಕೆ ಇಳಿಸಿದೆ, ಯಜಮಾನರು ಮುಖ ಸೊಟ್ಟ ಮಾಡಿಕೊಂಡರು. ಗಂಟೆಯನ್ನು ಎಂಬತ್ತರಲ್ಲಿಟ್ಟೆ. ಅಕ್ಕನಿಗೆ ಕರೆ ಮಾಡಿದೆ. ಅವಳ ಪಟ್ಟಿ ಮೂಡಿತು. ಪಟ್ಟಿಯ ಕೆಳಗೊಂದು ಸಣ್ಣ ಗೆರೆಯಿದೆ, ದನಿಗೆ ತಕ್ಕಂತೆ ಕುಣಿಯುತ್ತದೆ. ಕಿವಿಗೆ ಏನೂ ಬೀಳುತ್ತಿರಲಿಲ್ಲ, ಆದರೆ ಗೆರೆ ತುಸುತುಸುವೇ ಅಲುಗುತ್ತಿತ್ತು. ಅಕ್ಕನ ಗಂಟಲು ಸತ್ತಿಲ್ಲ ಎಂದು ನನಗೆ ಮೊದಲು ತಿಳಿದದ್ದು ಕಣ್ಣಿನಿಂದ.

ದೂಡಿದೆ. ನೂರು, ನೂರಿಪ್ಪತ್ತು, ಕೊನೆಯ ನೂರೈವತ್ತಮೂರು. ಅದರಾಚೆ ಇಲ್ಲ.

"ಮೆಷಿನ್ ಆರಿಸೇ" ಎಂದಳು ಅಕ್ಕ.

ಸೋಮವಾರದಿಂದ ಹೇಳುತ್ತಿದ್ದದ್ದು ಅದನ್ನೇ. ನನ್ನ ಉಜ್ಜುವ ಮೆಷಿನ್ನು ಓಡುತ್ತಲೇ ಇತ್ತು. ಆರಿಸಿದೆ.

ಫೆಬ್ರವರಿ ೩, ಸೋಮವಾರ

ನೂರೈವತ್ತಮೂರಕ್ಕೆ ಏರಿಸಿದರೆ ಅಕ್ಕ ಒಬ್ಬಳೇ ದೊಡ್ಡವಳಾಗುವುದಿಲ್ಲ, ಅವಳ ಕೋಣೆಯೆಲ್ಲ ದೊಡ್ಡದಾಗುತ್ತದೆ. ಫ್ಯಾನು ಹೆಲಿಕಾಪ್ಟರಿನಂತೆ ಬರುತ್ತದೆ. ಭಾವ ಪಕ್ಕದ ಕೋಣೆಯಲ್ಲಿ ಪೇಪರು ಮಗುಚಿದರೆ ಇಲ್ಲಿ ಬೆಂಕಿ ಹತ್ತಿದಂತೆ. ಫ್ಯಾನು ಆರಿಸಲು ಹೇಳಿದೆ. ಪೇಪರನ್ನು ಹೊರಗೆ ಕೂತು ಓದುವಂತೆ ಭಾವನಿಗೂ ಹೇಳಿಸಿದೆ. ಪಾಪ, ಆ ಮನುಷ್ಯ ಮಾತಾಡುವುದೇ ಇಲ್ಲ, ಅವರು ಮಾಡುವ ಸದ್ದೆಂದರೆ ಅದೊಂದೇ.

ಅಕ್ಕನಿಗೆ ದನಿ ತಿದ್ದುವ ಟೀಚರೊಬ್ಬರು ಸಿಕ್ಕಿದ್ದಾರೆ. ಪಿಸುಗುಟ್ಟಬಾರದಂತೆ, ಅದು ಗಂಟಲಿಗೆ ಇನ್ನೂ ಭಾರ. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಊದುತ್ತಾ ದನಿ ಎಬ್ಬಿಸಬೇಕು, ಗುಳುಗುಳು ಬರಬೇಕು. ದನಿ ಒಡೆದರೆ ತಲೆಯನ್ನು ಎಡಕ್ಕೆ ತಿರುಗಿಸಿ ನೋಡಬೇಕು. ಊರಿಗೆಲ್ಲ ದರ ಕೂಗಿದ ಹೆಂಗಸು ಈಗ ಲೋಟದ ಮುಂದೆ ಮಗುವಿನಂತೆ ಕೂತಿದ್ದಾಳೆ. ನೋಡಲಾಗದೆ ನಾನು ಮಾತು ಬೆಳೆಸಿದೆ, ಬಾಡಿಗೆ ಮನೆಯಾಕೆಯ ಪುರಾಣ ಪೂರ್ತಿ ಹೇಳಿದೆ. ಅಕ್ಕ ಮೇಜಿಗೆ ಬೆರಳಿನಿಂದ ಎರಡು ಸಲ ಕುಟ್ಟಿದಳು. ಸುಮ್ಮನಿರು ಎಂದು. ಇಲ್ಲಿಗೆ ಸುತ್ತಿಗೆ ಬಡಿದಂತೆ ಬಂತು.

ಫೆಬ್ರವರಿ ೧೧, ಮಂಗಳವಾರ

ಕಂಪ್ಯೂಟರಿನ ಸ್ವಂತ ಸ್ಪೀಕರು ಬೀಡಿ ಸೇದಿದವರ ಹಾಗೆ ಗೊರಗೊರ ಎನ್ನುತ್ತದೆ. ಸದ್ದು ಏರಿಸಿ ಇಳಿಸುವ ತಿರುಪು ಇರುವ ಹೊಸ ಸ್ಪೀಕರ್ ತಂದು ಜೋಡಿಸಿದೆ. ಚಪ್ಪಲಿ ಹರಿದಿದೆ, ಅದು ಮುಂದಿನ ತಿಂಗಳಾಗಲಿ. ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಇವತ್ತು ಪೂರ್ತಿ ಒಂದು ವಾಕ್ಯ ಕೇಳಿಸಿತು: "ಇಷ್ಟು ಖರ್ಚು ಯಾಕೆ ಮಾಡಿದೆ, ದಡ್ಡಿ." ಬೈದಳು! ಸಂತೋಷದಲ್ಲಿ ಮೇಣದಣ್ಣನಿಗೂ ಹೇಳಿದೆ.

ಫೆಬ್ರವರಿ ೨೭, ಗುರುವಾರ

ಹೊಸದೇನಿಲ್ಲ. ಗುಳುಗುಳು.

ಮಾರ್ಚ್ ೭, ಶುಕ್ರವಾರ

ಅಕ್ಕನ ಪೆಟ್ಟಿಗೆಯ ಮೇಲೆ ಸದ್ಯಕ್ಕೆ ನಿಂತಿರುವವನು ಒಳ್ಳೆಯವನಂತೆ. ಗಂಟಲೂ ಚೆನ್ನಾಗಿದೆಯಂತೆ. ರೈತರಿಗೂ ಒಗ್ಗಿಕೊಂಡಿದ್ದಾನಂತೆ. ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಿತ್ತು!

ಅಕ್ಕ ಮೊನ್ನೆ ಮಂಡಿಗೆ ಹೋಗಿ ಮೂಲೆಯಲ್ಲಿ ನಿಂತು ನೋಡಿ ಬಂದಳು. ಯಾರೋ ಹಳೆಯ ವ್ಯಾಪಾರಿ "ಗಂಟೆಯಕ್ಕಾ, ಹೇಗಿದ್ದೀರಿ?" ಎಂದನಂತೆ. ಇವಳು ಉತ್ತರ ಕೊಟ್ಟದ್ದು ಅವನಿಗೆ ಕೇಳಿಸಲಿಲ್ಲ. "ಮಾತಾಡಲ್ವಾ ನಮ್ಮ ಹತ್ರ? ದೊಡ್ಡವರಾಗ್ಬಿಟ್ರಿ" ಎಂದು ನಕ್ಕು ಹೋದನಂತೆ. ಇವತ್ತು ಕರೆ ಎತ್ತಲಿಲ್ಲ. ಭಾವನ ಫೋನಿನಿಂದ ನನ್ನ ಗುಂಡಿ ಫೋನಿಗೆ ಅವಳ ಸಂದೇಶ ಬಂತು: ಪೆಟ್ಟಿಗೆ ಅವನಿಗೇ ಇರಲಿ ಅಂತ ಅಧ್ಯಕ್ಷರಿಗೆ ಹೇಳ್ತೀನಿ. ನೀನೂ ದಿನಾ ಕರೆ ಮಾಡಿ ಒದ್ದಾಡ್ಬೇಡ.

ಮಾರ್ಚ್ ೮, ಶನಿವಾರ

ಒದ್ದಾಡಬೇಡವಂತೆ. ಯಾರು ಕೇಳಿದರು ಇವಳನ್ನು?

ಮಾರ್ಚ್ ೧೦, ಸೋಮವಾರ

ಮಂಡಿ ಅಧ್ಯಕ್ಷರಿಗೆ ಇನ್ನೂ ಹೇಳಿಲ್ಲ ಎಂದು ಭಾವನಿಂದ ತಿಳಿಯಿತು. ಭಾವನೇ ಫೋನು ಮಾಡಿದ್ದರು. ಮದುವೆಯಾದಾಗಿನಿಂದ ಅವರು ನನಗೆ ಮಾಡಿದ ಮೊದಲ ಫೋನು. "ನಿನ್ನೆ ಇಡೀ ದಿನ ಸುಮ್ಮನೆ ಕೂತಿದ್ಳು. ನಾನೇ ಮಾತಾಡ್ಬೇಕಾಯ್ತು" ಎಂದರು. ಅವರ ದನಿಯಲ್ಲಿದ್ದ ಗಾಬರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಒಂದು ಗಂಟೆಗೆ ಕರೆ ಮಾಡಿದೆ, ಎತ್ತುವವರೆಗೂ ಮಾಡಿದೆ. ಕಣ್ಣು ಬಾತಿತ್ತು. ನಾನು ಎಂದೆ: "ಮಾತಾಡ್ಬೇಡ. ನಾನೂ ಮಾತಾಡಲ್ಲ. ನನ್ನ ಪಾಡಿಗೆ ನಾನು ಮೇಣ ಕೆರೀತೀನಿ, ನಿನ್ನ ಪಾಡಿಗೆ ನೀನು ಗುಳುಗುಳು ಮಾಡು. ಪೆಟ್ಟಿಗೆಗೋಸ್ಕರ ಅಲ್ಲ. ನನಗೆ ಒಬ್ಬಳೇ ಕೂತು ಊಟ ಮಾಡೋಕೆ ಬೇಜಾರು."

ಅಕ್ಕ ಕಣ್ಣೊರೆಸಿಕೊಂಡು ಎದ್ದಳು. ಆಮೇಲೆ ಪರದೆಯಿಂದ ಆಚೆ ಹೋದಳು. ಅವಳ ಮೂವತ್ತು ವರ್ಷ ಹಳೆಯ ಸ್ಟೀಲಿನ ಲೋಟ, ನಲ್ಲಿ, ನೀರು ಬೀಳುವ ಸದ್ದು, ಫ್ಯಾನಿನ ಗುಂಡಿ ಟಕ್ ಎಂದದ್ದು, ಒಂದೊಂದೂ ಕೇಳಿಸಿತು. ಕೂತಳು, ಊದಿದಳು.

ನಾವಿಬ್ಬರೂ ಮಾತಾಡದೆ ಒಂದು ಗಂಟೆ ಕಳೆದದ್ದು ಇದೇ ಮೊದಲು.

ಮಾರ್ಚ್ ೧೯, ಬುಧವಾರ

ಲ್ಯಾಬಿನಲ್ಲಿ ರೋಗ ಹರಡಿದೆ. ಊಟವಾದ ಮೇಲೆ ಮೇಣದಣ್ಣನೂ ಒಂದು ಲೋಟ, ಒಂದು ಸ್ಟ್ರಾ ಹಿಡಿದು ಕೂರುತ್ತಾನೆ. "ಅಕ್ಕನಿಗೆ ಜೊತೆ" ಎನ್ನುತ್ತಾನೆ. ಇವತ್ತು ಯಜಮಾನರೂ ಊದಿದರು. ಅವರು ತಮ್ಮ ಹಳೆಯ ಹಾಡನ್ನೇ ನೀರಿನೊಳಗೆ ಹಾಡಲು ಹೋಗಿ ಲೆಕ್ಕದ ಪುಸ್ತಕವೆಲ್ಲ ಒದ್ದೆ. ಅಕ್ಕ ನಕ್ಕಳು. ನಗು ನಡುವೆ ಎಲ್ಲೋ "ಹಕ್" ಎಂದು ಒಂದು ದನಿ ಸಿಡಿಯಿತು. ಸ್ಪೀಕರು ಒಮ್ಮೆ ಗರ್ ಎಂದಿತು.

ಬಾಗಿಲಲ್ಲಿ ನಿಂತಿದ್ದ ಮೇಷ್ಟರು ಕೇಳಿದರು: "ಇಲ್ಲಿ ಹಲ್ಲು ಮಾಡ್ತೀರೋ, ಬಾಯಿ ಮುಕ್ಕಳಿಸ್ತೀರೋ?" ಪ್ಲಾಸ್ಟರಿನಿಂದ ಬಿಡಿಸಿದ ಅವರ ಸೆಟ್ಟು ಈಗ ಚೆನ್ನಾಗಿ ಕೂತಿದೆ, ಒಂದೊಂದು ಅಕ್ಷರವೂ ಸ್ಪಷ್ಟ. ನಮಗೇ ಬಡಿಯುತ್ತದೆ.

ಏಪ್ರಿಲ್ ೪, ಶುಕ್ರವಾರ

ಹೊಸ ಸ್ಪೀಕರು ಮೂರು ಕಾಸಿನದು. ಎರಡು ತಿಂಗಳಿಗೇ ಕರಕರ ಎನ್ನಲು ಶುರುಮಾಡಿದೆ. ಅಕ್ಕ "ಊಟ ಆಯ್ತಾ" ಎಂದರೆ "ಊ" ಒಡೆಯುತ್ತದೆ. ತಿರುಪನ್ನು ತುಸು ಇಳಿಸಿದೆ, ಆಗ ಕಿವಿಗೆ ಬಡಿಯುವುದು ಸ್ವಲ್ಪ ಕಡಿಮೆ. ವೈರು ಅಲುಗಾಡಿಸಿ ನೋಡಿದೆ. ಪ್ಲಾಸ್ಟರಿನ ಪುಡಿ ಒಳಗೆ ಹೋಗಿರಬೇಕು. ಇವತ್ತಿನಿಂದ ಅದಕ್ಕೆ ಬಟ್ಟೆ ಹೊದಿಸುತ್ತೇನೆ.

ಏಪ್ರಿಲ್ ೧೭, ಗುರುವಾರ

ಬಟ್ಟೆಯೂ ದಂಡ. ತಿರುಪು ಅರ್ಧಕ್ಕೆ ಬಂದಿದೆ, ಆದರೂ ಕರಕರ. ನನ್ನ ಕೋಪ ಅಕ್ಕನ ಮೇಲೆ ತಿರುಗದಿರಲೆಂದು ಸುಮ್ಮನೆ ಕೇಳುತ್ತಾ ಕೂತೆ. ಅವಳು ಮಂಡಿಯ ಮೊದಲ ದಿನದ ಕಥೆ ಹೇಳಿದಳು. ಪೆಟ್ಟಿಗೆ ಹತ್ತಿದಾಗ ಯಾರೋ ರೈತ "ಇಳಿಯಮ್ಮಾ, ಪೆಟ್ಟಿಗೆ ಮುರೀತು" ಎಂದನಂತೆ. ಅವನ ಈರುಳ್ಳಿಯನ್ನೇ ಮೊದಲು ಕೂಗಿ ಅವನಿಗೇ ಆ ದಿನದ ಒಳ್ಳೆಯ ದರ ಕೊಡಿಸಿದಳಂತೆ. ಆಮೇಲೆ ಹೋಗಿ ಹಿಂದಿನ ಗೋಡೆಗೆ ಮುಖ ಮಾಡಿ ಅತ್ತಳಂತೆ. ಇಪ್ಪತ್ತು ವರ್ಷದ ಹಿಂದಿನ ಮಾತು. ನನಗೆ ಹೇಳಿಯೇ ಇರಲಿಲ್ಲ.

"ಯಾಕೇ ಹೇಳಿರ್ಲಿಲ್ಲ?" ಎಂದೆ.

"ಹೇಳಿದ್ದೆ. ನಿನ್ನ ಮೆಷಿನ್ ಓಡ್ತಿತ್ತು. ಅದರ ಮೇಲೆ ಎಷ್ಟು ಅಂತ ಕೂಗ್ಲಿ?" ನೀರು ಕುಡಿದು ಎಂದಳು: "ಈಗ ನೀನು ಕೇಳ್ತೀಯ ಕಣೇ."

"ಏನು ಕೇಳೋದು ಮಣ್ಣು, ಸ್ಪೀಕರೇ ಹಾಳಾಗಿದೆ" ಎಂದೆ.

ಏಪ್ರಿಲ್ ೨೮, ಸೋಮವಾರ

ಸ್ಪೀಕರನ್ನು ಹೊತ್ತುಕೊಂಡು ಅಂಗಡಿಗೆ ಹೋಗಿ ಜಗಳವಾಡಿದೆ. ಅಂಗಡಿಯವನು ತನ್ನ ಫೋನಿಗೆ ಜೋಡಿಸಿ ಹಾಡು ಹಾಕಿದ. ಸ್ಫಟಿಕದಂತೆ ಬಂತು. "ಎಲ್ಲಿ ಮೇಡಂ ಕರಕರ?" ಎಂದ. ನಿಮ್ಮ ಅಂಗಡಿಯಲ್ಲಿ ಎಲ್ಲವೂ ಚೆನ್ನಾಗೇ ಇರುತ್ತದೆ, ಮನೆಗೆ ತಂದ ಮೇಲೆ ಬಣ್ಣ ಬಯಲಾಗುತ್ತದೆ ಎಂದೆ. "ಕುಣಿಯಲಾರದವರಿಗೆ ನೆಲ ಡೊಂಕು" ಎಂದು ಅವನು ಗೊಣಗಿದ್ದು ಕೇಳಿಸಿತು. ಈಗೀಗ ನನಗೆ ಎಲ್ಲ ಗೊಣಗಾಟವೂ ಕೇಳಿಸುತ್ತದೆ.

ಸುಗ್ಗಿ ಹತ್ತಿರ ಬಂತು. ಹದಿನೈದನೇ ತಾರೀಕು ಬೆಳಿಗ್ಗೆ ಬಂದು ಪೆಟ್ಟಿಗೆ ಹತ್ತಿ ತೋರಿಸಲಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಅಕ್ಕ "ಹೋಗ್ಲೋ ಬೇಡ್ವೋ" ಎಂದು ಕೇಳುತ್ತಾಳೆ. ನಾನೇನು ಹೇಳಲಿ? ಅವಳ ದನಿ ಎಷ್ಟು ಬಂದಿದೆ ಎಂದು ತಿಳಿಯಲು ಸರಿಯಾದ ಸ್ಪೀಕರೇ ಇಲ್ಲ ನನ್ನ ಹತ್ತಿರ. ಭಾವನನ್ನು ಕೇಳಿದರೆ "ಪರವಾಗಿಲ್ಲ" ಎನ್ನುತ್ತಾರೆ. ಅವರು ಮದುವೆಯ ಊಟಕ್ಕೂ ಅದನ್ನೇ ಎಂದಿದ್ದರು.

ಮೇ ೬, ಮಂಗಳವಾರ

ನನಗೆ ನಾನೇ ಎರಡು ಬಾರಿಸಿಕೊಳ್ಳಬೇಕು.

ಸೊಸೆ ರಜಕ್ಕೆ ಬಂದಿದ್ದಾಳೆ. ಮಧ್ಯಾಹ್ನ ಲ್ಯಾಬಿಗೆ ಬಂದಳು. ಅಕ್ಕನಿಗೆ ಕರೆ ಮಾಡಿ ಕರಕರವನ್ನು ಕೇಳಿಸಿದೆ. ಕಿವಿ ಮುಚ್ಚಿಕೊಂಡಳು. ಯಜಮಾನರ ಹಾಡು ಹಾಕಿ ನೋಡಿದಳು, ಹಾಡು ನೀಟಾಗಿತ್ತು. ಮತ್ತೆ ಅಕ್ಕ, ಕರಕರ. ಮತ್ತೆ ಹಾಡು, ನೀಟು.

"ಆಂಟಿ, ಸ್ಪೀಕರ್ ಸರಿಯಾಗಿದೆ."

"ಹಾಗಾದ್ರೆ ಅಕ್ಕನ ಫೋನು ಕೆಟ್ಟಿರ್ಬೇಕು."

ಅವಳು ಆ ಸಣ್ಣ ಪ್ರೋಗ್ರಾಂ ತೆರೆದಳು. ನಾನು ಅದನ್ನು ತೆರೆದು ಎಷ್ಟು ಕಾಲವಾಗಿತ್ತೋ! ಜೋರಾದಾಗಲೆಲ್ಲ ತಿರುಪು ಇಳಿಸಿದ್ದೆನೇ ಹೊರತು ಇದನ್ನು ಮುಟ್ಟಿರಲಿಲ್ಲ. ಅಕ್ಕ ಇನ್ನೂ ನೂರೈವತ್ತಮೂರರಲ್ಲೇ ಇದ್ದಳು. ಕೆಳಗಿನ ಗೆರೆ ಹಿಂದಿನ ಹಾಗೆ ತುಸುತುಸು ಅಲುಗುತ್ತಿರಲಿಲ್ಲ. ಪ್ರತಿ ಮಾತಿಗೂ ಆ ತುದಿಗೆ ಹೋಗಿ ಬಡಿದು ಬರುತ್ತಿತ್ತು.

"ನೂರರ ಆಚೆ ಇರೋದು ಕಂಪ್ಯೂಟರ್ ಹಿಗ್ಗಿಸಿ ಕೊಡೋ ದನಿ ಆಂಟಿ" ಎಂದಳು. "ಸಣ್ಣ ದನಿ ಆದ್ರೆ ಹಿಗ್ಗುತ್ತೆ. ದೊಡ್ಡ ದನಿ ಆದ್ರೆ ಅದರ ತಲೆ ಸೂರಿಗೆ ಬಡಿಯುತ್ತೆ. ಅದೇ ನಿಮ್ಮ ಕರಕರ. ಜನವರೀಲಿ ಇವರಿಗೆ ಇಷ್ಟು ಬೇಕಿತ್ತು. ಈಗ ಬೇಡ."

"ಈಗ ಬೇಡ ಅಂದ್ರೆ?"

ಅವಳು ಪಟ್ಟಿಯನ್ನು ನೂರಕ್ಕೆ ಎಳೆದಳು.

"ಏನೇ ಅಲ್ಲಿ ಗುಸುಗುಸು? ನಾನೊಬ್ಬಳು ಇದ್ದೀನಿ ಇಲ್ಲಿ" ಎಂದಳು ಅಕ್ಕ.

ಕರಕರವಿಲ್ಲ. ಅಂಚು ಸ್ವಲ್ಪ ಒರಟು, ಮೊದಲಿನದಕ್ಕಿಂತ ಒಂದು ಸ್ವರ ಕೆಳಗೆ, ಆದರೆ ಅವಳದೇ. ತಿಂಗಳಿನಿಂದ ಅವಳ ದನಿ ಬಾಗಿಲು ಬಡಿಯುತ್ತಿತ್ತು. ನಾನು ಬಾಗಿಲನ್ನೇ ರಿಪೇರಿಗೆ ಒಯ್ದಿದ್ದೆ. ಮೇಣದಣ್ಣ ತಿರುಗಿ ನಿಂತು ಕನ್ನಡಕ ಒರೆಸಿಕೊಂಡ.

"ಅಕ್ಕಾ, ಹದಿನೈದಕ್ಕೆ ಹೋಗು" ಎಂದೆ.

"ಕೇಳಿಸುತ್ತಾ ನಾನು? ನಿಜ ಹೇಳು."

"ನೂರರಲ್ಲಿ ಕೇಳಿಸ್ತೀಯ. ಬರೀ ನೂರರಲ್ಲಿ."

ಅವಳಿಗೆ ಇದರ ತಲೆಬುಡ ತಿಳಿಯಲಿಲ್ಲ. ಎಲ್ಲ ವಿವರಿಸಿದೆ. ಸ್ಪೀಕರ್ ಅಂಗಡಿಯವನಿಗೆ ಕ್ಷಮೆ ಕೇಳಬೇಕೆಂದು ಅಕ್ಕ ಆಜ್ಞೆ ಮಾಡಿದಳು. ನೋಡೋಣ.

ಮೇ ೧೫, ಗುರುವಾರ

ಬೆಳಿಗ್ಗೆ ಬೇಗ ಬೀಗ ತೆಗೆದರು ಯಜಮಾನರು. ಅಕ್ಕ ಕರೆ ಹಚ್ಚಿ ಫೋನನ್ನು ಮೇಲಂಗಿಯ ಜೇಬಿನಲ್ಲಿಟ್ಟುಕೊಂಡು ಮಂಡಿಗೆ ಹೋಗಿದ್ದಳು. ಪರದೆ ಕತ್ತಲು, ಸದ್ದು ಮಾತ್ರ. ನಾನು, ಮೇಣದಣ್ಣ, ಯಜಮಾನರು, ಸೊಸೆ, ಸಾಲದ್ದಕ್ಕೆ ಮೇಷ್ಟರು. ಹಾಡಿಗೆ ಯಜಮಾನರೇ ಬಾಯಿ ಕಟ್ಟಿದ್ದರು.

ಗಾಡಿಗಳು, ಕ್ರೇಟು ಎಳೆಯುವ ಸದ್ದು, ಯಾರದೋ ಕೆಮ್ಮು. ಉಳಿದ ರಾಶಿಗಳವರು ಆಗಲೇ ಕೂಗುತ್ತಿದ್ದರು. ಮೂರು ದನಿ ಒಂದರ ಮೇಲೊಂದು ಬಿದ್ದು ಏನೂ ತಿಳಿಯುತ್ತಿರಲಿಲ್ಲ. ಇದರ ನಡುವೆ ಅಕ್ಕ ಎಲ್ಲಿ ಕೇಳಿಸಿಯಾಳು? ನಾನು ಮೌಸಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ, ಬೇಕಾದರೆ ನೂರರ ಆಚೆ ದೂಡೋಣವೆಂದು. ಹುಚ್ಚಿ ನಾನು, ಇಲ್ಲಿ ದೂಡಿದರೆ ಅಲ್ಲಿ ಏರುತ್ತದೆಯೇ?

ಮರದ ಪೆಟ್ಟಿಗೆ ಕಿರ್ ಎಂದಿತು. ಹತ್ತಿದಳು.

ಮೊದಲ ಕೂಗು ಅರ್ಧಕ್ಕೇ ಒಡೆಯಿತು. ಬರೀ ಗಾಳಿ. ಯಾರೋ "ಅಯ್ಯೋ ಪಾಪ" ಎಂದರು. ಯಜಮಾನರು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡರು. ಆಮೇಲೆ ಬಟ್ಟೆ ಸರಿದ ಸದ್ದು ಬಂತು. ತಲೆ ಎಡಕ್ಕೆ ತಿರುಗಿಸಿದಳು ಎಂದು ನನಗೆ ಗೊತ್ತಾಯಿತು. ಮೂರು ತಿಂಗಳಿನಿಂದ ಆ ಸದ್ದು ಕೇಳಿದ್ದೇನೆ.

ಆಗ ಬಂತು ನೋಡಿ. "ಟೊಮೆಟೊ ನೋಡಿ ಟೊಮೆಟೊ! ಮುಟ್ಟಿ ನೋಡಿ, ಒತ್ತಬೇಡಿ, ಅದೇನು ನಿಮ್ಮ ಅಳಿಯನ ಕೆನ್ನೆಯಲ್ಲ!" ಸ್ಪೀಕರು ಮೇಜಿನ ಮೇಲೆ ಕುಣಿಯಿತು. ಮೇಣದಣ್ಣ ಜೋಡಿಸಿದ್ದ ಮುಂದಿನ ಹಲ್ಲೊಂದು ಮೇಣದಿಂದ ಜಾರಿತು. ಮೇಷ್ಟರು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು, ಒಮ್ಮೆ ಕಲಿತ ಪಾಠ. ನಾನು ಪಟ್ಟಿಯನ್ನು ಎಳೆದೆ, ಎಂಬತ್ತು, ಅರವತ್ತು. ಅರವತ್ತಕ್ಕೂ ಜಗ್ಗಲಿಲ್ಲ. ನಲವತ್ತಕ್ಕೆ ಇಳಿಸಿದಾಗ ದರಗಳು ತಿಳಿಯತೊಡಗಿದವು.

ನಡುವೆ ಎರಡು ಸಲ ದನಿ ಒಡೆಯಿತು. ಎರಡು ಸಲವೂ ನಿಂತಳು, ತಿರುಗಿದಳು, ಮುಂದುವರಿಸಿದಳು. ರಾಶಿ ಮಾರಿ ಹೋಯಿತು. ಒಂದು ದಿನಕ್ಕೆ ಅಷ್ಟೇ ಕೂಗಬೇಕೆಂದು ಟೀಚರ ಕಟ್ಟಪ್ಪಣೆ. ಅಧ್ಯಕ್ಷರು ಅಲ್ಲೇ ತೀರ್ಮಾನ ಹೇಳಿದರು: ಟೊಮೆಟೊ ಗಂಟೆಯಕ್ಕನದು, ಈರುಳ್ಳಿ ಆ ಹೊಸಬನದು, ಪೆಟ್ಟಿಗೆ ಇಬ್ಬರದೂ. ಹೊಸಬನೇ ಮೊದಲು ಚಪ್ಪಾಳೆ ಹೊಡೆದನಂತೆ. ಒಳ್ಳೆಯವನೇ, ಏನು ಮಾಡುವುದು.

ಆಮೇಲೆ ಅಕ್ಕ ಜೇಬಿನಿಂದ ಫೋನು ತೆಗೆದಳು. ಮುಖವೆಲ್ಲ ಬೆವರು, ಪರದೆಯ ತುಂಬ ಅದೇ. ಫೋನಿಗೆ ಬಾಯಿ ತಾಗಿಸಿಕೊಂಡು ಕಿರುಚಿದಳು: "ಕೇಳಿಸ್ತಾ?"

"ಮೆಲ್ಲಗೆ ಮಾತಾಡೇ!" ಎಂದೆ. "ಕಿವಿ ಹೋಗುತ್ತೆ."

ಹಳೆಯ ಅಭ್ಯಾಸ, ಬಾಯಿಗೆ ತಾನಾಗಿ ಬಂತು. ಅಕ್ಕ ಗಕ್ಕನೆ ನಿಂತಳು.

"ಇನ್ನೊಂದು ಸಲ ಹೇಳೇ" ಎಂದಳು.

ಹೇಳಿದೆ. ಇಬ್ಬರೂ ಅತ್ತೆವು, ಅವಳು ಜೋರಾಗಿ.

ಮೇ ೧೬, ಶುಕ್ರವಾರ

ಹಾಡು ಮೂವತ್ತು, ಗಂಟೆ ಎಂಬತ್ತು, ಅಕ್ಕ ನಲವತ್ತು. ಸ್ಪೀಕರ್ ಅಂಗಡಿಯವನಿಗೆ ಕ್ಷಮೆ ಕೇಳಿದೆ, ಅವನಿಗೆ ನೆನಪೇ ಇರಲಿಲ್ಲ. ಇನ್ನು ಬೇಡವಲ್ಲ ಎಂದು ಸೊಸೆ ನೂರರ ಆಚೆಯದನ್ನು ಮುಚ್ಚಲು ಹೋದಳು. ಇರಲಿ ಬಿಡು, ಯಾರಿಗಾದರೂ ಬೇಕಾಗುತ್ತದೆ ಎಂದೆ. ಭಾವನಿಗೆ ಬೇಕಾಗಬಹುದು.

ಅಕ್ಕ ಒಂದು ಗಂಟೆಗೆ ಶುರುಮಾಡಿದವಳು ನಿನ್ನೆಯ ಮಂಡಿಯನ್ನು ರಾಶಿ ರಾಶಿಯಾಗಿ ಹೇಳಿದಳು. ನಾನು ಎದುರಿಗೆ ಕೆಳದವಡೆ ಸೆಟ್ಟು ಹಿಡಿದು ಕೂತಿದ್ದೆ. ಯಜಮಾನರು ಬಂದು, "ಏನಮ್ಮಾ, ಮೆಷಿನ್ ಕೆಟ್ಟಿದೆಯಾ? ಆಗಿನಿಂದ ಸದ್ದೇ ಇಲ್ಲ" ಎಂದರು. ನೋಡಿದರೆ ನಾನು ಅದನ್ನು ಹಾಕಿಯೇ ಇರಲಿಲ್ಲ. ಅಕ್ಕ ಮಾತಾಡುತ್ತಿದ್ದಳಲ್ಲ.